ಕೊಟ್ಟ ಮಾತಿಗೆ ಬೆಲೆಯೆಷ್ಟು?



ಮದುವೆಯ ದಿನ ಪೀಠದ ಮುಂದೆ, ಮಕ್ಕಳ ಜ್ಞಾನಸ್ನಾನದ ದಿನ ದೇವಾಲಯದಲ್ಲಿ ನಾವೆಲ್ಲರೂ ಮಾತು ಕೊಟ್ಟವರೇ. ಮಾತು ಕೊಡುವುದು ಸುಲಭ. ಅದಕ್ಕೆ ಬೆಲೆ ತೆರಬೇಕಾದ ದಿನ ಬಂದಾಗ ನಾವೇನು ಮಾಡುತ್ತೇವೆ? ಫಿಲಿಪ್ಪೀನ್ಸ್ ದೇಶದ ನ್ಯಾಯಾಧೀಶ ಹೊಸೆ ಅಬಾದ್ ಸಾಂತೋಸ್ ಅವರ ಬಾಳು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಅವರು ಹುಟ್ಟಿದ್ದು 1886ರಲ್ಲಿ, ಪಂಪಾಂಗ ಪ್ರಾಂತದಲ್ಲಿ. ಆಗ ಸ್ಪೇನಿನವರ ಆಳ್ವಿಕೆ. ಅವರು ಬೆಳೆಯುವಷ್ಟರಲ್ಲಿ ಅಮೆರಿಕನ್ನರ ಆಳ್ವಿಕೆ. ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದಲ್ಲಿ ಕಾನೂನು ಓದಿ ಬಂದು, 1922ರಲ್ಲಿ ನ್ಯಾಯಾಂಗ ಖಾತೆಯ ಮುಖ್ಯಸ್ಥರಾದರು. ಮರುವರ್ಷವೇ ಅಮೆರಿಕನ್ ಗವರ್ನರ್ ಜನರಲ್ ಲಿಯೊನಾರ್ಡ್ ವುಡ್ ಅವರ ಆಡಳಿತ ನೀತಿಯನ್ನು ಪ್ರತಿಭಟಿಸಿ ಸಂಪುಟದ ಫಿಲಿಪಿನೋ ಸದಸ್ಯರು ರಾಜೀನಾಮೆ ಕೊಟ್ಟಾಗ, ಇವರೂ ಹುದ್ದೆ ಬಿಟ್ಟರು. ಅನಂತರ ಅದೇ ಖಾತೆ ಮತ್ತೆ ಅವರ ಪಾಲಿಗೆ ಬಂತು. 1932ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಪೀಠವೂ ದೊರೆಯಿತು.

1941ರ ಡಿಸೆಂಬರಿನಲ್ಲಿ ಜಪಾನ್ ದಂಡೆತ್ತಿ ಬಂತು. ಕ್ರಿಸ್ಮಸ್ಸಿನ ಹಿಂದಿನ ದಿನ ಅಧ್ಯಕ್ಷ ಮಾನುವೆಲ್ ಕೆಸೋನ್ ಇವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಿದರು. ಮುಂದೆ ಅಧ್ಯಕ್ಷರು ದೇಶ ಬಿಟ್ಟು ಹೊರಟಾಗ ಇವರಿಗೂ ಜೊತೆಗೆ ಹೋಗುವ ಅವಕಾಶವಿತ್ತು. ಇವರು ತಮ್ಮ ಜನರ ನಡುವೆಯೇ ಉಳಿದರು.

1942ರ ಏಪ್ರಿಲ್‌ನಲ್ಲಿ ಸೆಬು ದ್ವೀಪದಲ್ಲಿ ತಂದೆ, ಮಗ ಇಬ್ಬರೂ ಜಪಾನಿ ಸೈನಿಕರ ಕೈಗೆ ಸಿಕ್ಕಿದರು. ತಮ್ಮೊಡನೆ ಸಹಕರಿಸಬೇಕೆಂದು ಜಪಾನಿಯರು ಒತ್ತಾಯಿಸಿದರು. ಒಪ್ಪಿದರೆ ತಾನು ಮಾಡಿದ ಪ್ರಮಾಣವನ್ನು ಮುರಿದಂತಾಗುತ್ತದೆ ಎಂದು ಅವರು ನಿರಾಕರಿಸಿದರು. ಮೇ ತಿಂಗಳ ಮೊದಲ ವಾರ, ಮಿಂಡನಾವೋ ದ್ವೀಪದ ಮಲಬಾಂಗ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 56 ವರ್ಷ. ಅಳುತ್ತಿದ್ದ ಮಗ ಪೆಪಿತೋಗೆ, ಅಳಬೇಡ, ಧೈರ್ಯ ತೋರಿಸು, ದೇಶಕ್ಕಾಗಿ ಸಾಯುವ ಭಾಗ್ಯ ಎಲ್ಲರಿಗೂ ದೊರೆಯದು ಎಂದು ಹೇಳಿ ಹೋದರು. ಅವರ ಸಮಾಧಿ ಪತ್ತೆಯಾಗಲಿಲ್ಲ.

ಪ್ರಿಯರೇ, ಅರಸನ ಇಚ್ಛೆಗೆ ಮನಸ್ಸಾಕ್ಷಿಯನ್ನು ಮಾರದೆ 1535ರಲ್ಲಿ ತಲೆ ಕೊಟ್ಟ ಸಂತ ಥಾಮಸ್ ಮೋರ್ ನಿಮಗೆ ನೆನಪಾಗಬಹುದು. ಅವರೂ ನ್ಯಾಯ ಹೇಳುತ್ತಿದ್ದವರೇ, ಅವರೂ ಮಕ್ಕಳ ತಂದೆಯೇ. ನಮ್ಮ ಹೌದು ಹೌದಾಗಿಯೇ ಇರಲಿ ಎಂದು ಯೇಸುಸ್ವಾಮಿ ಬೋಧಿಸಿದ್ದು ಸಾಮಾನ್ಯ ದಿನಗಳಿಗೂ ಸಲ್ಲುತ್ತದೆ. 1923ರಲ್ಲಿ ಹುದ್ದೆ ಬಿಡಲು ಕಲಿತವರಿಗೆ 1942ರಲ್ಲಿ ಪ್ರಾಣ ಬಿಡುವ ಧೈರ್ಯ ಬಂತು.

ನಮ್ಮನ್ನು ಯಾರೂ ಗುಂಡಿನ ಮುಂದೆ ನಿಲ್ಲಿಸಲಾರರು. ಸುಳ್ಳು ಕಾಗದಕ್ಕೆ ಒಂದು ಸಹಿ, ನೆರೆಯವನ ವಿರುದ್ಧ ಒಂದು ಸುಳ್ಳು ಸಾಕ್ಷಿ, ಇಷ್ಟನ್ನೇ ಕೇಳಿಯಾರು. ಆಗ ನಮ್ಮ ಮಕ್ಕಳು ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾರೆ. ಅವರು ಏನನ್ನು ಕಂಡು ಬೆಳೆಯಬೇಕು? ಇಂದು ರಾತ್ರಿ ಜಪಸರ ಮುಗಿದ ಮೇಲೆ ಮನೆಮಂದಿ ಕೂತು ಮಾತಾಡಿಕೊಳ್ಳಿ.