ಕ್ಷೇತ್ರದ ಎಲ್ಲೆಯೂ ಪ್ರಜೆಯ ಮಾತೂ

ಒಂದು ಹೊಲದ ಹದ್ದುಬಸ್ತು ಮಾಡುವಾಗ ಹೊಲದ ಒಡೆಯನಿಗೆ ಮಾತ್ರವಲ್ಲದೆ ಸುತ್ತಲಿನ ಬಾಜುದಾರರಿಗೂ ಮುಂಚಿತವಾಗಿ ತಿಳಿವಳಿಕೆ ಕೊಡುವುದು ನಮ್ಮ ನಾಡಿನ ಪದ್ಧತಿ. ಇದಕ್ಕೆ ಕಾರಣಗಳು ಎರಡು. ಅಳೆಯಲು ಬಂದವನು ಎಷ್ಟೇ ನಿಪುಣನಾಗಿರಲಿ, ಹಳೆಯ ಬಾಂದುಕಲ್ಲು ಎಲ್ಲಿದ್ದಿತು, ಯಾವ ಬದುವು ಮಳೆಗೆ ಜರಿದು ಸರಿಯಿತು ಎಂಬುದನ್ನು ಬಲ್ಲವರು ಅಕ್ಕಪಕ್ಕದವರು. ಕಲ್ಲು ನೆಟ್ಟು ಸರ್ಕಾರದವರು ಹೊರಟುಹೋದ ಮೇಲೆ ಆ ಕಲ್ಲಿನೊಡನೆ ಬಾಳಬೇಕಾದವರೂ ಅವರೇ. ಗುಂಟೆ ನೆಲದ ವಿಷಯದಲ್ಲಿಯೇ ಇಷ್ಟು ಎಚ್ಚರವಿರುವಾಗ, ಲಕ್ಷಗಟ್ಟಲೆ ಜನರನ್ನು ಒಂದುಗೂಡಿಸಿ ಅವರಿಗೆ ಒಬ್ಬ ಪ್ರತಿನಿಧಿಯನ್ನು ಗೊತ್ತುಮಾಡುವ ಚುನಾವಣಾ ಕ್ಷೇತ್ರದ ಎಲ್ಲೆಯನ್ನು ಎಳೆಯುವಲ್ಲಿ ಯಾರನ್ನು ಕೇಳಬೇಕು? ಹಾಗೆ ಕೇಳುವುದು ಬರಿಯ ದಾಕ್ಷಿಣ್ಯವೋ, ಅಥವಾ ಧರ್ಮವೋ? ಈ ಪ್ರಶ್ನೆಯನ್ನು ಸ್ವಲ್ಪ ಪರ್ಯಾಲೋಚಿಸೋಣ.

ನಮ್ಮ ಜಿಲ್ಲೆಯ ಮಟ್ಟಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. 2002ರ ಕಾನೂನಿನಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಕ್ಷೇತ್ರ ಪುನರ್ವಿಂಗಡಣಾ ಆಯೋಗವು 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಕರ್ನಾಟಕದ ನಕ್ಷೆಯನ್ನು ಹೊಸದಾಗಿ ಬರೆಯಿತು. 2008ರ ಮೇ ತಿಂಗಳಲ್ಲಿ ವಿಧಾನಸಭೆಗೆ ನಡೆದ ಚುನಾವಣೆಯು ಈ ನಕ್ಷೆಯಂತೆ ನಡೆಯಿತು. ಅದುವರೆಗೆ ಹಾಸನ ಜಿಲ್ಲೆಗೆ ಎಂಟು ಸ್ಥಾನಗಳಿದ್ದುವು; ಅವು ಏಳಾದುವು. ಗಂಡಸಿ ಎಂಬ ಕ್ಷೇತ್ರವು ಇಲ್ಲವಾಯಿತು. ಪರಿಶಿಷ್ಟ ಜಾತಿಯವರಿಗಾಗಿ ಬೇಲೂರಿನಲ್ಲಿದ್ದ ಮೀಸಲು ಸಕಲೇಶಪುರಕ್ಕೆ ಹೋಯಿತು. ನೆರೆಯ ಕೊಡಗಿನಲ್ಲಿ ಮೂರಿದ್ದ ಸ್ಥಾನಗಳು ಎರಡಾಗಿ, ಸೋಮವಾರಪೇಟೆಯ ಹೆಸರು ಕ್ಷೇತ್ರಗಳ ಪಟ್ಟಿಯಿಂದ ಅಳಿಯಿತು. ಬೆಂಗಳೂರು ನಗರ ಜಿಲ್ಲೆಯ ಪಾಲಿಗೆ 28 ಸ್ಥಾನಗಳು ಬಂದುವು.

ಇದನ್ನು ಕಂಡು ಅನ್ಯಾಯವೆಂದು ಕೂಗುವುದಕ್ಕೆ ಮೊದಲು ಲೆಕ್ಕವನ್ನು ನೋಡುವುದು ಉಚಿತ. 2001ರಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 5.28 ಕೋಟಿ, ಸ್ಥಾನಗಳು 224. ಒಂದು ಸ್ಥಾನಕ್ಕೆ ಸುಮಾರು 2.36 ಲಕ್ಷ ಜನರಾದರು. ಹಾಸನ ಜಿಲ್ಲೆಯ ಜನ 17.21 ಲಕ್ಷ, ಭಾಗಿಸಿದರೆ ಏಳಕ್ಕೆ ತುಸು ಮೇಲೆ. ಕೊಡಗಿನ ಜನ 5.48 ಲಕ್ಷ, ಭಾಗಿಸಿದರೆ ಎರಡಕ್ಕೆ ತುಸು ಮೇಲೆ. ಸಂಖ್ಯೆ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬನ ಮತಕ್ಕೆ ಇನ್ನೊಬ್ಬನ ಮತದಷ್ಟೇ ತೂಕವಿರಬೇಕೆಂಬುದು ಪ್ರಜಾಪ್ರಭುತ್ವದ ಮೊದಲನೆಯ ನಿಯಮ. ಇಂಗ್ಲೆಂಡಿನ ಓಲ್ಡ್ ಸೇರಮ್ ಎಂಬ ಪಾಳುದಿಬ್ಬವು 1832ರ ಸುಧಾರಣೆಯವರೆಗೂ ಪಾರ್ಲಿಮೆಂಟಿಗೆ ಇಬ್ಬರನ್ನು ಕಳುಹಿಸುತ್ತಿದ್ದಿತು; ಅದೇ ಕಾಲದಲ್ಲಿ ದೊಡ್ಡ ದೊಡ್ಡ ಕೈಗಾರಿಕಾ ಪಟ್ಟಣಗಳಿಗೆ ಸ್ವಂತ ಪ್ರತಿನಿಧಿಗಳೇ ಇರಲಿಲ್ಲ. ಹಳೆಯ ಎಲ್ಲೆಯನ್ನು ಮುಟ್ಟಬಾರದೆಂಬ ಮಮತೆ ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಇದು ನಿದರ್ಶನ. ನಮ್ಮ ರಾಜ್ಯದಲ್ಲಿಯೂ ಪರಿಶಿಷ್ಟ ಪಂಗಡಗಳಿಗೆ ಹಿಂದಿನ ನಕ್ಷೆಯಲ್ಲಿ ಇದ್ದದ್ದು ಎರಡೇ ಮೀಸಲು ಸ್ಥಾನ. 2008ರಲ್ಲಿ ಅವು 15 ಆದುವು. ಹಳೆಯ ನಕ್ಷೆಯೇ ನಿಂತಿದ್ದರೆ ಆ ಜನರ ಪಾಲು ಇನ್ನೂ ತಡೆಯಲ್ಪಡುತ್ತಿದ್ದಿತು. ಆದುದರಿಂದ ಎಲ್ಲೆಯು ಕಾಲಕಾಲಕ್ಕೆ ಬದಲಾಗಲೇಬೇಕೆಂಬುದು ನಿರ್ವಿವಾದ.

ಆದರೆ ಸಂಖ್ಯೆಯು ಎಷ್ಟು ಸ್ಥಾನಗಳೆಂಬುದನ್ನು ಹೇಳುವುದೇ ಹೊರತು, ಯಾರು ಯಾರೊಡನೆ ಸೇರಬೇಕೆಂಬುದನ್ನು ಹೇಳಲಾರದು. ಇದನ್ನು ಕಾನೂನೂ ಬಲ್ಲುದು. ಕ್ಷೇತ್ರವು ಭೌಗೋಳಿಕವಾಗಿ ಒತ್ತಟ್ಟಿಗಿರಬೇಕು. ನೆಲದ ಸ್ವಾಭಾವಿಕ ಲಕ್ಷಣಗಳು, ಆಡಳಿತದ ಎಲ್ಲೆಗಳು, ಸಂಚಾರದ ಅನುಕೂಲ, ಸಾರ್ವಜನಿಕರ ಸೌಕರ್ಯ ಇವುಗಳನ್ನು ಸಾಧ್ಯವಾದಷ್ಟು ಗಮನಿಸಬೇಕು ಎಂದು ಅದು ವಿಧಿಸುತ್ತದೆ. ಕೊಣನೂರಿನಲ್ಲಿ ನಿಂತು ಈ ಮಾತನ್ನು ಪರೀಕ್ಷಿಸಬಹುದು. ಕಾವೇರಿಯ ದಡದ ಈ ಊರು ಹಾಸನ, ಕೊಡಗು, ಮೈಸೂರು ಎಂಬ ಮೂರು ಜಿಲ್ಲೆಗಳು ಕೂಡುವ ಕಡೆಗೆ ಹತ್ತಿರದಲ್ಲಿದೆ. ಹೊಳೆಯು ನಕ್ಷೆಯಲ್ಲಿ ಒಂದು ಗೆರೆ. ಆದರೆ ಕಟ್ಟೇಪುರದ ಕಡೆಗೆ ತೂಗುಸೇತುವೆಯಾದ ಮೇಲೆ ನಡೆದುಹೋಗುವವನಿಗೆ ಅದು ದಾರಿ. 2008ರಿಂದ ಈಚೆಗೆ ಕೊಣನೂರಿನವರು ಲೋಕಸಭೆಗೆ ಮತ ಹಾಕುವುದು ಹಾಸನ ಕ್ಷೇತ್ರದಲ್ಲಿ. ಆ ಕ್ಷೇತ್ರದಲ್ಲಿ ಅರಸೀಕೆರೆಯ ಆಚೆಗಿರುವ, ಚಿಕ್ಕಮಗಳೂರು ಜಿಲ್ಲೆಯ ಕಡೂರೂ ಸೇರಿದೆ. ಮಗ್ಗುಲಲ್ಲಿಯೇ ಇರುವ ಕುಶಾಲನಗರದವರು ಮೈಸೂರಿನೊಡನೆ ಸೇರುತ್ತಾರೆ. ವಿಧಾನಸಭೆಯ ಲೆಕ್ಕದಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿಯು ಅರಕಲಗೂಡು ಕ್ಷೇತ್ರಕ್ಕೆ ಸೇರಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯು ಹೊಳೆನರಸೀಪುರ ಕ್ಷೇತ್ರಕ್ಕೆ ಸೇರಿದೆ. ಒಬ್ಬ ರೈತನಿಗೆ ಪಹಣಿಯ ಕೆಲಸಕ್ಕೆ ಒಂದು ಪೇಟೆ, ಶಾಸಕರನ್ನು ಕಾಣುವುದಕ್ಕೆ ಇನ್ನೊಂದು ಪೇಟೆ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಸಂಖ್ಯೆಯನ್ನು ಸರಿದೂಗಿಸಲು ಎಲ್ಲಿಯೋ ಒಂದು ಹೋಬಳಿಯನ್ನು ಕತ್ತರಿಸಲೇಬೇಕು. ಆದರೆ ಯಾವ ಹೋಬಳಿಯನ್ನು ಎಂಬುದಕ್ಕೆ ಉತ್ತರವು ಜನಗಣತಿಯ ಪುಟದಲ್ಲಿಲ್ಲ. ಯಾವ ಸಂತೆಗೆ ಯಾರು ಹೋಗುತ್ತಾರೆ, ಯಾವ ನಾಲೆಯ ನೀರು ಯಾರ ಗದ್ದೆಗೆ, ಯಾವ ಹಾದಿಯಲ್ಲಿ ಬಸ್ಸು ಓಡುತ್ತದೆ ಎಂಬ ತಿಳಿವು ಅಲ್ಲಿ ವಾಸಿಸುವವರಲ್ಲಿದೆ. ಜನರನ್ನು ಕೇಳಬೇಕಾದುದು ಅವರ ಮನಸ್ಸನ್ನು ಸಂತೋಷಪಡಿಸುವುದಕ್ಕಲ್ಲ. ಕೇಳದಿದ್ದರೆ ಆಯೋಗಕ್ಕೆ ತಿಳಿಯುವುದೇ ಇಲ್ಲವೆಂಬುದಕ್ಕೆ.

ಕೇಳುವ ಏರ್ಪಾಡು ಕಾನೂನಿನಲ್ಲಿ ಉಂಟು. ಆಯೋಗವು ತನ್ನ ಸಲಹೆಗಳನ್ನು ರಾಜಪತ್ರದಲ್ಲಿ ಪ್ರಕಟಿಸಿ, ಒಂದು ದಿನಾಂಕವನ್ನು ಗೊತ್ತುಮಾಡಿ, ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ರಾಜ್ಯದಲ್ಲಿ ಒಂದು ಅಥವಾ ಹೆಚ್ಚು ಬಹಿರಂಗ ಬೈಠಕ್ಕುಗಳನ್ನು ನಡೆಸಬೇಕು. ರಾಜ್ಯದಿಂದ ಐವರು ಲೋಕಸಭಾ ಸದಸ್ಯರೂ ಐವರು ಶಾಸಕರೂ ಸಹಸದಸ್ಯರಾಗಿ ಕುಳಿತುಕೊಳ್ಳುತ್ತಾರೆ. ಆದರೆ ಅವರಿಗೆ ಮತ ಹಾಕುವ ಹಕ್ಕಿಲ್ಲ. ತನ್ನ ಗದ್ದುಗೆಯ ಎಲ್ಲೆಯನ್ನು ತಾನೇ ಎಳೆಯಬಾರದೆಂಬ ಈ ಕಟ್ಟಳೆ ಮೆಚ್ಚತಕ್ಕದ್ದು. ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಇಂಥ ಕಾನೂನುಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಕೂಡದೆಂದು ಸಂವಿಧಾನದ 329ನೆಯ ಅನುಚ್ಛೇದವು ಹೇಳುತ್ತದೆ. ಆಯೋಗದ ಆಜ್ಞೆಗೂ ಅದೇ ರಕ್ಷೆಯುಂಟೆಂದು ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ಮೇಘರಾಜ್ ಕೊಠಾರಿಯವರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆಜ್ಞೆಯು ಸ್ಪಷ್ಟವಾಗಿ ಸ್ವೇಚ್ಛೆಯಿಂದ ಕೂಡಿದ್ದರೆ ವಿಚಾರಿಸಬಹುದೆಂದು 2024ರಲ್ಲಿ ಅದೇ ನ್ಯಾಯಾಲಯವು ಹೇಳಿದರೂ ಆ ಬಾಗಿಲು ಕಿರಿದು. ಅಂತಿಮವಾದ ಆಜ್ಞೆಯ ಬಳಿಕ ಹೇಳಿಕೊಳ್ಳಲು ಎಡೆಯಿಲ್ಲವೆಂದಾದರೆ, ಅದಕ್ಕೆ ಮುಂಚಿನ ಆಲಿಸುವಿಕೆಯ ಹೊಣೆ ಅಷ್ಟರಮಟ್ಟಿಗೆ ಭಾರವಾಗುತ್ತದೆಯಲ್ಲವೆ?

ಇಲ್ಲಿ ಒಂದು ಆಕ್ಷೇಪವು ಏಳಬಹುದು. "ಬೈಠಕ್ಕಿಗೆ ಬರುವವರು ಯಾರು? ಸ್ಥಾನದ ಆಸೆಯವರೂ ಅವರ ಕಡೆಯವರೂ ಅಷ್ಟೆ. ಕೂಲಿಯವನು ಒಂದು ದಿನದ ಸಂಬಳವನ್ನು ಬಿಟ್ಟು ಬರುವನೆ? ಜನರನ್ನು ಕೇಳುವುದೆಂದರೆ ಗಟ್ಟಿಯಾಗಿ ಕೂಗುವವರನ್ನು ಕೇಳುವುದಾಗುತ್ತದೆ." ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಮತದಾರರು 2008ರಲ್ಲಿ ಶಾಸಕರ ಕೈಯಿಂದ ಈ ಕೆಲಸವನ್ನು ತೆಗೆದು 14 ಜನ ಸಾಮಾನ್ಯ ನಾಗರಿಕರ ಆಯೋಗಕ್ಕೆ ವಹಿಸಿದರು. 2010ರಲ್ಲಿ ಕಾಂಗ್ರೆಸ್ಸಿನ, ಎಂದರೆ ಅಲ್ಲಿಯ ರಾಷ್ಟ್ರಸಭೆಯ, ಕ್ಷೇತ್ರಗಳನ್ನೂ ಅದಕ್ಕೇ ಒಪ್ಪಿಸಿದರು. ಆದರೆ 2025ರಲ್ಲಿ ಟೆಕ್ಸಸ್ ಸಂಸ್ಥಾನವು ಒಂದು ಪಕ್ಷದ ಅನುಕೂಲಕ್ಕಾಗಿ ತನ್ನ ನಕ್ಷೆಯನ್ನು ತಿದ್ದಿದಾಗ, ಕ್ಯಾಲಿಫೋರ್ನಿಯದ ಮತದಾರರೇ ತಮ್ಮ ಆಯೋಗದ ಕಾಂಗ್ರೆಸ್ ನಕ್ಷೆಯನ್ನು ಕೆಲವು ವರ್ಷಗಳ ಮಟ್ಟಿಗೆ ಬದಿಗಿರಿಸಿ ಎದುರೇಟು ಕೊಟ್ಟರು. ಜನರೇ ಕಟ್ಟಿದ ಕಟ್ಟಳೆಯನ್ನು ಹಟದ ಗಳಿಗೆಯಲ್ಲಿ ಜನರೇ ಸಡಿಲಿಸಬಲ್ಲರು.

ಹೀಗಿದ್ದರೂ ಕೇಳುವುದನ್ನೇ ಬಿಡುವುದು ಇದಕ್ಕೆ ಪರಿಹಾರವಲ್ಲ. ಕೇಳುವವರಿಗೂ ಹೇಳುವವರಿಗೂ ಒಂದೊಂದು ಧರ್ಮವಿದೆಯೆಂದು ತಿಳಿಯುವುದೇ ಪರಿಹಾರ. ಕೇಳುವವರ ಧರ್ಮವು ಉತ್ತರ ಕೊಡುವುದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯು 144 ಸದಸ್ಯರೊಡನೆ ಮೊದಲಾಯಿತು. ಅವರು ಚುನಾಯಿತರಲ್ಲ, ಕಾನೂನು ಮಾಡುವ ಅಧಿಕಾರವೂ ಅವರಿಗಿರಲಿಲ್ಲ, ಅಹವಾಲನ್ನು ಮುಂದಿಡುವುದಷ್ಟೇ ಅವರ ಕೆಲಸ. ಆದರೂ ಆ ಸಭೆಗೆ ಬೆಲೆ ಬಂದದ್ದು, ಅಹವಾಲು ಹೇಳಿದವನ ಮುಂದೆ ಸರ್ಕಾರವು ತನ್ನ ಕಾರಣಗಳನ್ನು ಹೇಳಬೇಕಾಗಿ ಬಂದುದರಿಂದ. ಪುನರ್ವಿಂಗಡಣೆಯ ಕಾನೂನು ಆಕ್ಷೇಪಣೆಯನ್ನು ಪರಿಶೀಲಿಸಬೇಕೆನ್ನುವುದೇ ಹೊರತು, ಪ್ರತಿಯೊಂದಕ್ಕೂ ಕಾರಣಸಹಿತವಾಗಿ ಉತ್ತರವೀಯಬೇಕೆಂದು ವಿಧಿಸುವುದಿಲ್ಲ. ಇದು ದೊಡ್ಡ ಕೊರತೆ. "ನಿಮ್ಮ ಹೋಬಳಿಯನ್ನು ಈ ಕಾರಣದಿಂದ ಅತ್ತ ಸೇರಿಸಿದೆವು" ಎಂಬ ನಾಲ್ಕು ಸಾಲಿನ ಉತ್ತರವಿದ್ದರೆ ಸೋತವನೂ ಸಮಾಧಾನಗೊಳ್ಳುವನು. ಅದಿಲ್ಲದಿದ್ದರೆ ಗೆದ್ದವನಿಗೂ ಸಂಶಯ ತಪ್ಪದು.

ಹೇಳುವವರ ಧರ್ಮವು ಇದಕ್ಕಿಂತ ಕಷ್ಟವಾದುದು. ಸ್ಥಾನಗಳ ಸಂಖ್ಯೆ ಗೊತ್ತಾಗಿರುವಲ್ಲಿ ನಮ್ಮ ಊರನ್ನು ಇತ್ತ ಎಳೆದರೆ ಇನ್ನೊಂದು ಊರನ್ನು ಅತ್ತ ತಳ್ಳಿದಂತೆಯೇ. ಆದುದರಿಂದ "ನಮ್ಮನ್ನು ಇಲ್ಲಿಯೇ ಉಳಿಸಿ" ಎನ್ನುವವನು "ನಮ್ಮ ಬದಲು ಯಾರು ಹೋಗಬೇಕು, ಅವರಿಗೆ ಏಕೆ ಕಡಮೆ ತೊಂದರೆ" ಎಂಬುದನ್ನೂ ಹೇಳಲು ಸಿದ್ಧನಾಗಿರಬೇಕು. ಆ ಇನ್ನೊಂದು ಊರಿನವರು ಎದುರಿಗೆ ಕುಳಿತಿರುವಾಗಲೂ ಅದೇ ಮಾತನ್ನು ಆಡಬಲ್ಲವನಾಗಿರಬೇಕು. ಜಾತಿಯ ಲೆಕ್ಕವನ್ನೂ ಪಕ್ಷದ ಲಾಭವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಬಾಯಲ್ಲಿ ಸೌಕರ್ಯವೆನ್ನುವವನು ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಬರಲಾರದವರ ಮಾತನ್ನು ಹೊತ್ತು ತರುವ ಭಾರವೂ ವಿದ್ಯಾವಂತ ಕುಟುಂಬಗಳ ಮೇಲಿದೆ. ರಾಜಪತ್ರವನ್ನು ಓದಬಲ್ಲವರು ನಾವು. ಅರ್ಜಿ ಬರೆಯಬಲ್ಲವರು ನಾವು. ನಮ್ಮ ಬೀದಿಯ ಅನುಕೂಲವನ್ನಷ್ಟೇ ಬರೆದು, ಹೊಳೆಯಾಚೆಯ ಕೇರಿಯವರು ಮತಗಟ್ಟೆಗೆ ಎಷ್ಟು ದೂರ ನಡೆಯಬೇಕೆಂಬುದನ್ನು ಬಿಟ್ಟರೆ, ನಮ್ಮ ಓದು ಅವರಿಗೆ ದ್ರೋಹವೇ ಆಯಿತು.

1976ರ ತಿದ್ದುಪಡಿಯಿಂದ ಸ್ಥಾನಗಳ ಹಂಚಿಕೆ 1971ರ ಜನಗಣತಿಗೆ ಕಟ್ಟುಬಿದ್ದಿತು. 2001ರ ತಿದ್ದುಪಡಿಯು ಆ ಕಟ್ಟನ್ನು 2026ರ ಅನಂತರದ ಮೊದಲನೆಯ ಜನಗಣತಿಯವರೆಗೆ ಮುಂದುವರಿಸಿತು. ಕಟ್ಟು ಬಿಚ್ಚುವ ದಿನ ರಾಜ್ಯ ರಾಜ್ಯಗಳ ನಡುವಣ ಪಾಲಿನ ದೊಡ್ಡ ವಾದವು ದೆಹಲಿಯಲ್ಲಿ ನಡೆಯಬೇಕಾದುದೇ. ಆ ಗದ್ದಲದಲ್ಲಿ ಹೋಬಳಿಗಳ ಸಣ್ಣ ಪ್ರಶ್ನೆಯು ಯಾರ ಕಿವಿಗೂ ಬೀಳದೆ ಹೋದೀತೆಂಬುದು ನನ್ನ ಭಯ. ಬಾಜುದಾರನನ್ನು ಕರೆಯದೆ ನೆಟ್ಟ ಕಲ್ಲು ಅಳತೆಯಲ್ಲಿ ಸರಿಯಾಗಿರಬಹುದು. ಆದರೆ ಅದರ ಸುತ್ತ ವ್ಯಾಜ್ಯವು ಬೆಳೆಯುತ್ತದೆ. ಕರೆದಾಗ ಬಾರದೆ, ನೆಟ್ಟ ಮೇಲೆ ಜಗಳವಾಡುವ ಬಾಜುದಾರನ ತಪ್ಪೂ ಸಣ್ಣದಲ್ಲ. ಮುಂದಿನ ಸಲ ರಾಜಪತ್ರವು ಪ್ರಕಟವಾದಾಗ ಅದನ್ನು ತರಿಸಿ, ಜಗುಲಿಯಲ್ಲಿ ನಾಲ್ಕು ಜನರ ನಡುವೆ ಓದಿ, ನೆರೆಯೂರಿನವರೊಡನೆ ಮಾತಾಡಿ, ಗೊತ್ತಾದ ದಿನಾಂಕದೊಳಗೆ ನಮ್ಮ ಮಾತನ್ನು ಕಳುಹಿಸುವ ಕೆಲಸವನ್ನು ನಾವು ಮಾಡಬೇಕು. ಅಷ್ಟನ್ನು ಮಾಡಿದ ಮೇಲೆ ಉತ್ತರವನ್ನು ಕೇಳುವ ಹಕ್ಕು ನಮ್ಮದು.