ನಾಯಿ ಕಚ್ಚಿದರೆ ಅಪರಾಧಿ ಯಾರು?

ಗೃಹಸ್ಥನು ಭೂಮಿಯ ಮೇಲೆ ಇಡುವ ಬಲಿಯಲ್ಲಿ ನಾಯಿಗೂ ಪಾಲುಂಟೆಂದು ಮನುಸ್ಮೃತಿಯು ವಿಧಿಸಿದೆ. ಮಹಾಪ್ರಸ್ಥಾನದಲ್ಲಿ ಧರ್ಮರಾಜನು ತನ್ನನ್ನು ನಂಬಿ ಹಿಂಬಾಲಿಸಿದ ನಾಯಿಯನ್ನು ತೊರೆದು ಸ್ವರ್ಗಕ್ಕೆ ಬರಲು ಒಪ್ಪಲಿಲ್ಲ. ಮಡಿ ಮೈಲಿಗೆಯ ವಿಚಾರ ಬೇರೆ, ದಯೆಯ ವಿಚಾರ ಬೇರೆ. ಆದುದರಿಂದ ನಾಯಿಗೆ ಅನ್ನವಿಕ್ಕುವವರನ್ನಾಗಲಿ ಸಾಕುವವರನ್ನಾಗಲಿ ಇಲ್ಲಿ ಆಕ್ಷೇಪಿಸುತ್ತಿಲ್ಲ. ವಿಚಾರಣೀಯವಾದದ್ದು ಇಷ್ಟೇ: ಸಾಕಿದ ನಾಯಿಯು ಪರರ ಮೇಲೆ ಎರಗಿದಾಗ ದೋಷವು ಯಾರದು, ಎರಗಿಸಿಕೊಂಡವನು ಏನು ಮಾಡಬಹುದು?

ಮುಂಬಯಿ, ಪುಣೆ, ದೆಹಲಿಗಳ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ನಮಗೆ ಇದು ನಿತ್ಯದ ಪ್ರಶ್ನೆ. ಲಿಫ್ಟಿನ ಬಾಗಿಲು ತೆರೆದೊಡನೆ ದೊಡ್ಡ ನಾಯಿಯೊಂದು ಮುನ್ನುಗ್ಗುತ್ತದೆ, ಮಗು ಕಿರುಚುತ್ತದೆ, ಯಜಮಾನರು ನಗುತ್ತ, “ಹೆದರಬೇಡಿ, ಅದು ಏನೂ ಮಾಡುವುದಿಲ್ಲ” ಎನ್ನುತ್ತಾರೆ. ಈ ಮಾತಿಗೆ ಪ್ರಮಾಣವೇನು? ಮನೆಯವರೊಡನೆ ಅದು ಸೌಮ್ಯವಾಗಿರುವುದು ಅವರಿಗೆ ಪ್ರತ್ಯಕ್ಷ. ಅದರಿಂದ ಅಪರಿಚಿತರೊಡನೆಯೂ ಹಾಗೆಯೇ ಇರುವುದೆಂದು ಊಹಿಸುವುದು ವ್ಯಾಪ್ತಿಯಿಲ್ಲದ ಅನುಮಾನ. ಮನೆಯವರಲ್ಲಿ ಅತಿಯಾದ ಪ್ರೀತಿಯುಳ್ಳ ನಾಯಿಯೇ ಅವರನ್ನು ಕಾಯುವ ಭರದಲ್ಲಿ ಪರರನ್ನು ಕಚ್ಚುವುದುಂಟು.

ರೈಲ್ವೆಯಲ್ಲಿ ಸೈಡಿಂಗಿನಲ್ಲಿ ನಿಲ್ಲಿಸಿದ ವ್ಯಾಗನ್ನಿಗೆ ಕೈಬ್ರೇಕು ಬಿಗಿದು, ಚಕ್ರಕ್ಕೆ ಮರದ ತುಂಡನ್ನು ಒತ್ತಿಟ್ಟು, ಸರಪಳಿ ಹಾಕಬೇಕೆಂಬ ನಿಯಮವಿದೆ. ಅದು ಉರುಳಿ ಅನಾಹುತವಾದರೆ, “ವ್ಯಾಗನ್ನು ತಾನಾಗಿ ಹೋಯಿತು” ಎಂಬ ಉತ್ತರವನ್ನು ಯಾವ ವಿಚಾರಣೆಯೂ ಒಪ್ಪದು. ನಮ್ಮ ಸ್ಮೃತಿಕಾರರ ದೃಷ್ಟಿಯೂ ಇದೇ. ಕೋರೆಹಲ್ಲು ಅಥವಾ ಕೋಡುಗಳುಳ್ಳ ಪ್ರಾಣಿಯ ಒಡೆಯನು, ಅದರ ಬಾಧೆಗೆ ಸಿಕ್ಕಿದವನನ್ನು ಬಿಡಿಸಲು ಶಕ್ತನಾಗಿಯೂ ಬಿಡಿಸದಿದ್ದರೆ ಪ್ರಥಮ ಸಾಹಸದಂಡಕ್ಕೆ, ಅಂದರೆ 270 ಪಣಗಳಿಗೆ, ಗುರಿಯಾಗುತ್ತಾನೆಂದು ಯಾಜ್ಞವಲ್ಕ್ಯರು ಹೇಳಿದ್ದಾರೆ. ಸಿಕ್ಕಿದವನು ಕೂಗಿಕೊಂಡರೂ ಸುಮ್ಮನಿದ್ದರೆ ದಂಡವು ಇಮ್ಮಡಿ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಚಾಲುಕ್ಯರ ಕಾಲದವನು. ಮನುವಾದರೋ ಗಾಡಿಯ ಪ್ರಕರಣದಲ್ಲಿ ಇನ್ನೂ ಸೂಕ್ಷ್ಮವಾಗಿ ವಿವೇಚಿಸುತ್ತಾನೆ: ಮೂಗುದಾರ ಕಡಿದು ಹೋದರೆ ದಂಡವಿಲ್ಲ, ಆದರೆ ಸಾರಥಿಯು ಅಕುಶಲನಾಗಿದ್ದು ಕೇಡಾದರೆ ಒಡೆಯನಿಗೇ ದಂಡ. ಹತ್ತು ವರ್ಷದ ಬಾಲಕನ ಕೈಗೆ ಬಲಿಷ್ಠ ನಾಯಿಯ ಹಗ್ಗವನ್ನು ಕೊಟ್ಟು ಕಳುಹಿಸುವವರು ಇದನ್ನು ಮನನ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಕೂಡ, ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ 6 ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ.

ಇನ್ನು ಆತ್ಮರಕ್ಷಣೆಯ ವಿಚಾರ. ಮಹಾಭಾರತದ ಪೌಷ್ಯಪರ್ವದ ಆರಂಭದಲ್ಲೇ ಸರಮೆಯ ಕಥೆ ಬರುತ್ತದೆ. ಹವಿಸ್ಸನ್ನು ನೆಕ್ಕದ, ನೋಡಲೂ ಇಲ್ಲದ ಅವಳ ಮರಿಯನ್ನು ಜನಮೇಜಯನ ತಮ್ಮಂದಿರು ಹೊಡೆದರು. ಏಕೆ ಹೊಡೆದಿರೆಂದು ತಾಯಿ ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ನಿರಪರಾಧಿಯನ್ನು ಹೊಡೆದುದರಿಂದ ಕಾಣದ ಭಯವು ನಿಮಗೆ ಬರಲೆಂದು ಅವಳು ಶಪಿಸಿದಳು. ಹಾಗಾದರೆ ಎರಗಿ ಬರುವ ನಾಯಿಯನ್ನೂ ಹೊಡೆಯಬಾರದೆ? ಇಲ್ಲಿ ನಿವಾರಣೆಗೂ ದಂಡನೆಗೂ ಇರುವ ಭೇದವನ್ನು ಅರಿಯಬೇಕು. ಕಚ್ಚಲು ಬಂದುದನ್ನು ತಡೆಯಲು ಎತ್ತಿದ ಕೋಲು ನಿವಾರಣೆ. ಅದು ಹಿಂದಿರುಗಿ ಓಡಿದ ಮೇಲೆ ಬೀಸಿದ ಕಲ್ಲು ದಂಡನೆ. ಮೊದಲನೆಯದು ಶರೀರರಕ್ಷಣೆಯ ಕರ್ತವ್ಯ, ಅದರಲ್ಲೂ ಮಕ್ಕಳು ವೃದ್ಧರು ಜೊತೆಯಲ್ಲಿದ್ದಾಗ. ಎರಡನೆಯದು ಕೇವಲ ಕ್ರೋಧ. ಕಾರ್ಯಾಕಾರ್ಯಗಳ ವಿವೇಕವಿಲ್ಲದ ಜೀವಕ್ಕೆ ದಂಡನೆ ಸಲ್ಲದು.

ನಿವಾರಣೆಗೂ ಕ್ರಮವುಂಟು. ಓಡಬಾರದು, ಓಡಿದರೆ ಅಟ್ಟುವುದು ಅದರ ಸ್ವಭಾವ. ಕಣ್ಣಿಗೆ ಕಣ್ಣಿಟ್ಟು ನೋಡದೆ, ಕಿರುಚದೆ, ಸ್ವಲ್ಪ ಓರೆಯಾಗಿ ನಿಂತು ಮೆಲ್ಲಗೆ ಹಿಂದೆ ಸರಿಯಬೇಕು. ಕೊಡೆಯನ್ನೋ ಚೀಲವನ್ನೋ ನಡುವೆ ಒಡ್ಡಬೇಕು. ಬಿದ್ದರೆ ಮುದುರಿ ಮಲಗಿ ಕುತ್ತಿಗೆ ಮುಖಗಳನ್ನು ಕೈಗಳಿಂದ ಮುಚ್ಚಿಕೊಳ್ಳಬೇಕು. ಕಚ್ಚಿದರೆ ಗಾಯವನ್ನು ಕೂಡಲೆ ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ವೈದ್ಯರಲ್ಲಿಗೆ ಹೋಗಬೇಕು. ಸುಣ್ಣ, ಅರಿಶಿನ, ಮೆಣಸಿನ ಪುಡಿಗಳನ್ನು ಹಚ್ಚಬಾರದು. ರೇಬೀಸ್ ರೋಗದ ಲಕ್ಷಣಗಳು ತೋರಿದ ಮೇಲೆ ಬದುಕುವುದು ಅತ್ಯಂತ ವಿರಳ. ಅದಕ್ಕೆ ಮುಂಚೆ ಸಕಾಲದಲ್ಲಿ ಲಸಿಕೆ ಪಡೆದರೆ ರಕ್ಷಣೆಯುಂಟು. ಹರಕೆ, ತಾಯಿತಗಳು ಲಸಿಕೆಯ ಸ್ಥಾನವನ್ನು ತುಂಬಲಾರವು.

ವಿದ್ಯಾವಿನಯಸಂಪನ್ನನಲ್ಲಿಯೂ ನಾಯಿಯಲ್ಲಿಯೂ ಸಮನಾದುದನ್ನು ಕಾಣುವವನೇ ಪಂಡಿತನೆಂದು ಗೀತೆಯು ಹೇಳುತ್ತದೆ. ಸಮನಾದುದು ಅಂತರ್ಯಾಮಿಯಾದ ಪರಮಾತ್ಮನೇ ಹೊರತು ಜೀವರಲ್ಲವೆಂಬುದು ನಮ್ಮ ಸಿದ್ಧಾಂತ. ಆತನು ನಾಯಿಯಲ್ಲಿಯೂ ಇರುವನಾದುದರಿಂದ ಅದನ್ನು ವೃಥಾ ಹಿಂಸಿಸಬಾರದು. ಜೀವರಲ್ಲಿ ಭೇದ ತಾರತಮ್ಯಗಳು ಇರುವುದರಿಂದ, ವಿಧಿನಿಷೇಧಗಳನ್ನು ಅರಿಯದ ನಾಯಿಯ ಹೊಣೆಯನ್ನು ಅರಿತ ಮನುಷ್ಯನೇ ಹೊರಬೇಕು. ಎರಡೂ ಒಂದೇ ತತ್ತ್ವದಿಂದ ಸಿದ್ಧವಾಗುತ್ತವೆ.

ಆದುದರಿಂದ ಸಾಕುವವರು ಕಾಲಕಾಲಕ್ಕೆ ಲಸಿಕೆ ಹಾಕಿಸಲಿ. ಹೊರಗೆ ಗಟ್ಟಿಯಾದ ಹಗ್ಗವಿಲ್ಲದೆ ಬಿಡದಿರಲಿ. ಹಗಲೆಲ್ಲ ಕಟ್ಟಿಹಾಕಿ ಅದನ್ನು ಕ್ರೂರಗೊಳಿಸದಿರಲಿ. ಲಿಫ್ಟಿನಲ್ಲಿ ಅಂಜುವವರಿದ್ದರೆ ತಾವೇ ಹಿಂದೆ ನಿಲ್ಲಲಿ. ಕಚ್ಚಿದ ಪ್ರಸಂಗದಲ್ಲಿ ಅಡಗಿಕೊಳ್ಳದೆ, ಲಸಿಕೆಯ ವಿವರವನ್ನು ನಿಜವಾಗಿ ತಿಳಿಸಿ, ಚಿಕಿತ್ಸೆಯ ವೆಚ್ಚವನ್ನು ಕೇಳುವ ಮೊದಲೇ ಕೊಡಲಿ. ಧರ್ಮರಾಜನು ನಾಯಿಯನ್ನು ಬಿಡಲಿಲ್ಲವೆಂಬುದನ್ನು ಉದಾಹರಿಸುವವರು, ಆಶ್ರಯ ಕೊಟ್ಟವನು ಅದರ ಭಾರವನ್ನೂ ಹೊತ್ತನೆಂಬುದನ್ನು ಮರೆಯಬಾರದು.

॥ ಶ್ರೀಕೃಷ್ಣಾರ್ಪಣಮಸ್ತು ॥