ನೆಟ್ಟಗೆ ನಿಂತದ್ದು ಯಾರ ಹೆಚ್ಚುಗಾರಿಕೆ?

ಬೆಳಕವಾಡಿಯ ನಮ್ಮನೇಲಿ ಒಲೆ ಹಿಂದಿನ ಗೋಡೆ ಯಾವಾಗಲೂ ಮಸಿ. ಯುಗಾದಿಗೆ ಸುಣ್ಣ ಹೊಡೆದರೆ ತಿಂಗಳೊಳಗೆ ಮತ್ತೆ ಕಪ್ಪು. ಮಸಿ ಅಂದ್ರೆ ಇಂಗಾಲ. ಅದೇ ಇಂಗಾಲದಿಂದ ಲ್ಯಾಬಿನಲ್ಲಿ ಕೂದಲಿಗಿಂತ ಸುಮಾರು ಸಾವಿರ ಪಾಲು ತೆಳುವಾದ ನ್ಯಾನೋ ನಾರು ಬೆಳೆಸ್ತಾರೆ.

ಸಿಲಿಕಾನ್ ಬಿಲ್ಲೆಯ ಮೇಲೆ ನಿಕ್ಕಲ್‌ನ ತೆಳು ಪದರ ಕೂರಿಸಿ ಕಾಯಿಸಿದರೆ ಅದು ಸಣ್ಣ ಕಾಳುಗಳಾಗುತ್ತೆ. ಗಾಳಿ ತೆಗೆದ ಪಾತ್ರೆಗೆ ಅಸಿಟಿಲೀನ್, ಅಮೋನಿಯಾ ಬಿಟ್ಟು ಕರೆಂಟು ಹಾಯಿಸಿದರೆ ಅನಿಲ ಹೊಳೆಯೋ ಪ್ಲಾಸ್ಮಾ ಆಗುತ್ತೆ. ಸುಮಾರು 700 ಡಿಗ್ರಿ ಬಿಸಿಯಲ್ಲಿ ನಿಕ್ಕಲ್ ಕಾಳು ಇಂಗಾಲವನ್ನು ಹೀರಿ, ತನ್ನಡಿಯಿಂದ ನಾರಾಗಿ ಹೊರಹಾಕುತ್ತಾ, ಅದರ ತುದಿಯಲ್ಲಿ ಕೂತು ಮೇಲೇರುತ್ತೆ. ಇಂಗಾಲ ಹೆಚ್ಚಾದರೆ ಕಾಳು ಮುಚ್ಚಿಹೋಗಿ ಬೆಳವಣಿಗೆ ನಿಲ್ಲುತ್ತೆ. ಆ ಹೆಚ್ಚುವರಿಯನ್ನು ಕೆರೆದು ತೆಗೆಯೋದು ಅಮೋನಿಯಾ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ಬರೀ ಶಾಖದಲ್ಲೂ ನಾರು ಬೆಳೆಯುತ್ತೆ. ಆದರೆ ಒಂಟಿಯಾಗಿ ಬೆಳೆದದ್ದು ಸಾಮಾನ್ಯವಾಗಿ ಸುರುಳಿ ಸುತ್ತಿಕೊಳ್ಳುತ್ತೆ. ಅದು ನೆಟ್ಟಗೆ ನಿಲ್ಲೋದು ಪ್ಲಾಸ್ಮಾದ ವಿದ್ಯುತ್ ಕ್ಷೇತ್ರದಿಂದ. ಕ್ಷೇತ್ರ ಇಲ್ಲದೆಯೂ ನೆಟ್ಟಗೆ ಬೆಳೆಸಬಹುದು, ತೀರಾ ಒತ್ತಾಗಿ ಬೆಳೆದರೆ: ಒಂದಕ್ಕೊಂದು ಆತುಕೊಂಡು ನಿಲ್ತವೆ.

ಕಳೆದ ತಿಂಗಳು ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತಿದ್ದೆ. ಹಳ್ಳಿಯಿಂದ ಬಂದ ಹುಡುಗ; ಕೋಡ್ ಸರಿಯಾಗಿತ್ತು, ಇಂಗ್ಲಿಷ್ ತೊದಲುತ್ತಿತ್ತು. 'ಕಮ್ಯುನಿಕೇಶನ್ ವೀಕ್' ಅಂತ ಬರೆದೆ. ಹತ್ತು ವರ್ಷದ ಹಿಂದೆ ನಾನೂ ಹಾಗೇ ತೊದಲಿದ್ದೆ. ಆದರೆ ರೂಮಲ್ಲಿ ನಾಲ್ಕು ಜನ ಊರಿನವರಿದ್ದರು, ರಾತ್ರಿಯೆಲ್ಲ ಪ್ರಶ್ನೆ ಕೇಳಿ ತಯಾರು ಮಾಡಿದ್ದರು. ಆತುಕೊಂಡು ನಿಂತವನು ನಾನು. ಆಮೇಲೆ ಅದನ್ನ 'ನನ್ನ ಶ್ರಮ' ಅಂದ್ಕೊಂಡೆ.

ನಮ್ಮೂರಿನ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಅದು ಎಲ್ಲಿಗೆ ಹರಿಯಬೇಕು ಅಂತ ತೀರ್ಮಾನ ಮಾಡಿದ್ದು ಹೊಳೆಯಲ್ಲ, ಜನ.

ಹಾಗಂತ ಶ್ರಮ ಸುಳ್ಳಲ್ಲ. ಕಾಳಿಲ್ಲದೆ ಎಂಥ ಕ್ಷೇತ್ರವಿದ್ದರೂ ನಾರು ಹುಟ್ಟಲ್ಲ. ಕಂಪನಿಗೆ ಇವತ್ತೇ ಮಾತಾಡಬಲ್ಲವರು ಬೇಕು ಅನ್ನೋದೂ ನ್ಯಾಯವೇ. ಆದರೆ ನಾನು ಅಳೆದದ್ದು ಅವನ ಕಾಳನ್ನೋ, ಅವನಿಗೆ ಸಿಗದ ಕ್ಷೇತ್ರವನ್ನೋ?

ಆ ಷರಾ ತೆಗೆದು ಇನ್ನೊಂದು ರೌಂಡ್ ಕೇಳಿದೆ. ಈ ಸಲ ಕನ್ನಡದಲ್ಲಿ ವಿವರಿಸು ಅಂದೆ. ಉಪಕಾರ ಮಾಡಿದೆ ಅಂತ ಅನ್ನಿಸಲಿಲ್ಲ, ಹಳೇ ಸಾಲದ ಒಂದು ಕಂತು ಕಟ್ಟಿದಂಗಿತ್ತು.